ಗಿರಣಿ ಪಾಳೆ, ಮನಿ ರೌಟರ್

ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ನಾನು ಸಣ್ಣವನಿದ್ದಾಗ ಜೋಳ ಬೀಸಿಸಿಕೊಂಡು ಬರುವ ಕೆಲಸ ನನ್ನದೇ. ಡಬ್ಬಿ ಹಿಡಕೊಂಡು ಹೋದರೆ, ಎಷ್ಟೋ ಸಲ ನನಗಿಂತ ಮುಂಚೆ ಮದುವೆ ಮನೆಯವರು ಎರಡು ಚೀಲ ಜೋಳ ಇಳಿಸಿರುತ್ತಿದ್ದರು. ಅವರದು ಮುಗಿಯುವ ತನಕ ಕಾದರೆ ಸಾಲಿ ಗಂಟೆ ಹೊಡೆದೇ ಬಿಡುತ್ತಿತ್ತು. ಆದರೆ ಗಿರಣಿಯವರು ಹಾಗೆ ಕಾಯಿಸುತ್ತಿರಲಿಲ್ಲ. ಚೀಲದ್ದು ಒಂದಿಷ್ಟು ಬೀಸಿ, ನಡುವೆ "ತಾರೋ ತಮ್ಮಾ ನಿನ್ನ ಡಬ್ಬಿ" ಅಂತ ಕರೆದು ನನ್ನದನ್ನು ಬೀಸಿ ಕಳಿಸುತ್ತಿದ್ದರು. ಚೀಲದವರಿಗೆ ಎರಡು ನಿಮಿಷ ತಡ. ನನಗೆ ಒಂದು ತಾಸು ಉಳಿತಾಯ. ಯಾರೂ ಗೊಣಗಿದ್ದು ನನಗೆ ನೆನಪಿಲ್ಲ.

ಈ ಗಿರಣಿ ಇಷ್ಟು ವರ್ಷದ ಮೇಲೆ ನೆನಪಾದದ್ದು ಮನೆಯ ರೌಟರ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಾಗ. ಅದರ ಕತೆ ಹೇಳುತ್ತೇನೆ. ಹೇಳಲು ಸ್ವಲ್ಪ ನಾಚಿಕೆಯೂ ಇದೆ.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದವರಲ್ಲಿ ನಾನೂ ಒಬ್ಬ. ಆಗಿನಿಂದ ಕಂಪನಿ ಕೆಲಸ ಮನೆಯಿಂದಲೇ. ಅಪ್ಪ-ಅವ್ವ, ಅಣ್ಣನ ಸಂಸಾರ, ನಾವಿಬ್ಬರು... ಒಟ್ಟು ಏಳು ಮಂದಿಗೆ ಒಂದೇ ಫೈಬರ್ ಕನೆಕ್ಷನ್. 40 ಎಂಬಿಪಿಎಸ್ ಪ್ಲಾನು. ತಿಂಗಳ ಕೋಟಾ ಮುಗಿಯಿತೆಂದರೆ 2 ಎಂಬಿಪಿಎಸ್‌ಗೆ ಇಳಿಯುತ್ತದೆ. ಏಳು ಮಂದಿ ಇರುವ ಮನೆಯಲ್ಲಿ ಕೋಟಾ 22-23ನೇ ತಾರೀಖಿಗೇ ಗೋವಿಂದ! ಅಲ್ಲಿಂದ ಮುಂದೆ ದಿನಾ ಕಿರಿಕಿರಿ. ಅಣ್ಣನ ಮಗ ವಿಡಿಯೋ ಹಚ್ಚಿದರೆ ನನ್ನ ಮೀಟಿಂಗ್ ನಿಲ್ಲುತ್ತಿತ್ತು. ಅಪ್ಪನ ಫೋನು ತಾನೇ ಅಪ್‌ಡೇಟ್ ಶುರು ಮಾಡಿಕೊಂಡರೆ ಎಲ್ಲರದೂ ಬಂದ್.

ನಾನು ಮನೆಯ "ಕಂಪ್ಯೂಟರ್ ಎಂಜಿನಿಯರ್" ಅಲ್ಲವೇ? ರೌಟರ್ ಪುಟ ತೆರೆದೆ. ಅದರಲ್ಲಿ ಕ್ಯೂಒಎಸ್ ಎಂಬ ಆಯ್ಕೆ ಇತ್ತು. ಮನೆಯ ಎಲ್ಲ ಡಿವೈಸುಗಳ ಪಟ್ಟಿ, ಪ್ರತಿಯೊಂದರ ಮುಂದೆ ಹೈ, ಮೀಡಿಯಂ, ಲೋ. ನನ್ನ ಲ್ಯಾಪ್‌ಟಾಪ್ ಹೈ. ನನ್ನ ಫೋನು ಹೈ. ಉಳಿದದ್ದೆಲ್ಲ ಲೋ. ಸೇವ್ ಒತ್ತಿದೆ. ಮಾರನೇ ದಿನದಿಂದ ನನ್ನ ಮೀಟಿಂಗು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಎಂಥಾ ಜಾಣ ನಾನು ಅಂದುಕೊಂಡೆ :-)

ಮುಂದಿನ ತಿಂಗಳ ಕೊನೆಯ ವಾರ ನನ್ನ ಹೆಂಡತಿಗೆ ಒಂದು ಶಾಲೆಯ ಶಿಕ್ಷಕಿ ಹುದ್ದೆಗೆ ವಿಡಿಯೋದಲ್ಲಿ ಇಂಟರ್‌ವ್ಯೂ. ಕೆಳಗಿನ ಕೋಣೆಯಲ್ಲಿ ಸೀರೆ ಉಟ್ಟು, ಹಿಂದಿನ ಗೋಡೆಯ ಕ್ಯಾಲೆಂಡರ್ ತೆಗೆದು, ಫೋನನ್ನು ಪುಸ್ತಕಗಳಿಗೆ ಆನಿಸಿ ಕೂತಿದ್ದಳು. ನಾನು ಮೇಲಿನ ಕೋಣೆಯಲ್ಲಿ ಆಫೀಸಿನ ದೊಡ್ಡದೊಂದು ಫೈಲ್ ಅಪ್‌ಲೋಡ್‌ಗೆ ಹಚ್ಚಿ ಚಹಾ ಕುಡಿಯುತ್ತಿದ್ದೆ. ರೌಟರ್ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿತು. ಸಾವಕಾಶ ಹೋದರೂ ನಡೆಯುತ್ತಿದ್ದ ನನ್ನ ಫೈಲಿಗೆ ಇಡೀ ದಾರಿ ಬಿಟ್ಟುಕೊಟ್ಟಿತು. ಆಕೆಯ ಮುಖ ಪರದೆಯ ಮೇಲೆ ನಿಂತೇ ಹೋಯಿತು. ಮೂರು ಸಲ ಕಡಿದು, ನಾಲ್ಕನೇ ಸಲ ಆ ಕಡೆಯವರು "ಮತ್ತೆ ತಿಳಿಸುತ್ತೇವೆ" ಅಂದರಂತೆ.

ಸಂಜೆ ನಾನು ರೌಟರ್ ಪುಟ ತೆರೆದು ನೋಡುತ್ತಿದ್ದಾಗ ಹಿಂದೆ ಬಂದು ನಿಂತಳು.

"ರೀ, ಇದರಾಗ ನನ್ನ ಫೋನ್ ಎಲ್ಲೈತಿ?"

"ಕೆಳಗೈತಿ."

"ಈ ಯಾದಿ ಯಾರು ಬರದದ್ದು?"

ನಾನು ಏನು ಹೇಳಲಿ? ಆ ಕೆಲಸ ಆಕೆಗೆ ಸಿಗಲಿಲ್ಲ. ಅದಕ್ಕೆ ನೆಟ್ ಒಂದೇ ಕಾರಣ ಅಂತ ಆಕೆಯೂ ಹೇಳುವುದಿಲ್ಲ. ಆದರೆ ಆಕೆ ಕೇಳಿದ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. (ಇದನ್ನು ಆಕೆಗೆ ಓದಿ ತೋರಿಸಿಯೇ ಹಾಕುತ್ತಿದ್ದೇನೆ.)

ಯಾಕೆ ಇಷ್ಟು ಚುಚ್ಚಿತು ಅಂದರೆ, 2015ರ ಏಪ್ರಿಲ್‌ನಲ್ಲಿ ನೆಟ್ ನ್ಯೂಟ್ರಾಲಿಟಿ ಉಳಿಸಿ ಅಂತ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವಲ್ಲ, ಅದರಲ್ಲಿ ನನ್ನದೂ ಒಂದು. 2016ರ ಫೆಬ್ರವರಿ 8ರಂದು ಟ್ರಾಯ್, ಯಾವ ಸೈಟ್ ನೋಡುತ್ತೀರಿ ಎನ್ನುವುದರ ಮೇಲೆ ಬೇರೆ ಬೇರೆ ದರ ಹಾಕಬಾರದು ಅಂದಿತು. ಫ್ರೀ ಬೇಸಿಕ್ಸ್ ಬಾಗಿಲು ಮುಚ್ಚಿತು. 2018ರಲ್ಲಿ ಸರ್ಕಾರವೂ ನ್ಯೂಟ್ರಾಲಿಟಿ ತತ್ವ ಒಪ್ಪಿತು. ಕಂಪನಿಯವರು ದುಡ್ಡಿದ್ದವರ ಪ್ಯಾಕೆಟ್ಟನ್ನು ಮುಂದೆ ಬಿಟ್ಟು ನಮ್ಮದನ್ನು ಹಿಂದೆ ತಳ್ಳಬಾರದು ಅಂತ ಕುಣಿದವನು, ನನ್ನ ಮನೆಯಲ್ಲಿ ಮಾಡಿದ್ದೇನು? ಸಂಬಳ ತರುವವನ ಪ್ಯಾಕೆಟ್ ಮುಂದೆ, ಉಳಿದವರದು ಹಿಂದೆ!

ಮನೆ ನಮ್ಮದು, ರೌಟರ್ ನಮ್ಮದು, ಹೇಗೆ ಬೇಕಾದರೂ ಹಚ್ಚಿಕೊಳ್ಳಬಹುದು ಎನ್ನುವುದು ಖರೆ. ಕಾನೂನು ನಮ್ಮ ಪಡಸಾಲೆಗೆ ಬರುವುದಿಲ್ಲ. ಆದರೆ "ನಮ್ಮ" ಅಂದರೆ ಯಾರು? ಪಾಸ್‌ವರ್ಡ್ ಗೊತ್ತಿದ್ದವನೊಬ್ಬನೇ ಅಲ್ಲವಲ್ಲ.

ಆಮೇಲೆ ಕೂತು ಸರಿಯಾಗಿ ಓದಿದೆ. ಓದಿದ ಮೇಲೆ ಗೊತ್ತಾದದ್ದು: ಆ ಪಟ್ಟಿಯೇ ಬೇಕಾಗಿರಲಿಲ್ಲ.

ಲೆಕ್ಕ ಸರಳ. ಒಂದು ತುಂಬಿದ ಪ್ಯಾಕೆಟ್ 1500 ಬೈಟ್, ಅಂದರೆ 12,000 ಬಿಟ್. 2 ಎಂಬಿಪಿಎಸ್ ದಾರಿಯಲ್ಲಿ ಅದು ಹೋಗಲು 6 ಮಿಲಿಸೆಕೆಂಡ್ ಬೇಕು. ದೊಡ್ಡ ಅಪ್‌ಲೋಡೊಂದು 100 ಪ್ಯಾಕೆಟ್ ತಂದು ಪಾಳೆಯಲ್ಲಿ ನಿಲ್ಲಿಸಿದರೆ, ಅದರ ಹಿಂದೆ ಬಂದ ಮಾತಿನ ಪ್ಯಾಕೆಟ್ 600 ಮಿಲಿಸೆಕೆಂಡ್ ಕಾಯಬೇಕು. ಪಾಳೆ 1000 ಪ್ಯಾಕೆಟ್ ಉದ್ದ ಇದ್ದರೆ 6 ಸೆಕೆಂಡ್! ಫೋನಿನ ಮಾತು ಸಹಜವಾಗಿ ಇರಬೇಕಾದರೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ದಾಟದಿದ್ದರೆ ಒಳ್ಳೆಯದು ಅಂತ ಐಟಿಯು ಹೇಳುತ್ತದೆ. ಅಂದರೆ ನಮ್ಮ ತ್ರಾಸು ಬರೀ ವೇಗ ಕಡಿಮೆ ಎನ್ನುವುದಲ್ಲ, ಪಾಳೆ ಉದ್ದ ಎನ್ನುವುದು. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ತನ್ನ ಮನೆಯ ಕನೆಕ್ಷನ್‌ನಲ್ಲೇ ಇದನ್ನು ಅಳೆದು "ಬಫರ್‌ಬ್ಲೋಟ್" ಅಂತ ಕರೆದು ಜಗತ್ತಿಗೆ ಹೇಳಿದ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡಿ ಪಾಳೆ ಕತ್ತರಿಸುವ ಕೋಡೆಲ್ ವಿಧಾನ ಕೊಟ್ಟರು. ಅದಕ್ಕೆ ಪಾಲು ಹಂಚುವ ಲೆಕ್ಕ ಕೂಡಿಸಿದ್ದು ಎಫ್‌ಕ್ಯೂ-ಕೋಡೆಲ್. ಅದರ ಮುಂದಿನದು ಕೇಕ್, 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿತು. ಇದಕ್ಕಾಗಿ ವರ್ಷಗಟ್ಟಲೆ ದುಡಿದ ಡೇವ್ ಟಾಹ್ಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಹೆಸರು ಕೇಳದ ಎಷ್ಟೋ ಮನೆಗಳಲ್ಲಿ ಅವರ ಕೆಲಸ ಇವತ್ತಿಗೂ ನಡೆದಿದೆ.

ಎಫ್‌ಕ್ಯೂ-ಕೋಡೆಲ್ ಮಾಡುವುದು ನಮ್ಮ ಗಿರಣಿಯವರು ಮಾಡುತ್ತಿದ್ದದ್ದನ್ನೇ. ಚೀಲದವರದು ಸ್ವಲ್ಪ, ಡಬ್ಬಿಯವರದು ನಡುವೆ. ಡಬ್ಬಿ ತಂದವನು ಯಾರ ಮಗ ಅಂತ ಕೇಳುವುದಿಲ್ಲ. ಧ್ವನಿ ಕರೆಗೆ ಬೇಕಾದದ್ದು ಸುಮಾರು 100 ಕೆಬಿಪಿಎಸ್. ಅದು ಡಬ್ಬಿ. ಹಾಗಾಗಿ ಯಾರೂ ಹೈ ಅಂತ ಬರೆಯದಿದ್ದರೂ ಅದು ಕಾಯದೆ ಹೋಗುತ್ತದೆ. ಕೇಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಡಿವೈಸ್ ಲೆಕ್ಕದಲ್ಲಿ ಪಾಲು ಹಾಕುತ್ತದೆ. ಒಬ್ಬ ಇಪ್ಪತ್ತು ಡೌನ್‌ಲೋಡ್ ಹಚ್ಚಿದರೂ ಅವನಿಗೆ ಸಿಗುವುದು ಒಬ್ಬನ ಪಾಲು. ಗದಗ-ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಮ್ಮಿಗಿಯಿಂದ ತುಂಗಭದ್ರಾ ನೀರು ಬರುವುದನ್ನು ದಿನಗಟ್ಟಲೆ ಕಾದು ಕೊಡ ತುಂಬಿಸಿದವರು ನಾವು. ನಳಕ್ಕೆ ಮೋಟರ್ ಹಚ್ಚಿ ಎಳೆಯುವವನೊಬ್ಬ ಇದ್ದರೆ ಓಣಿಯ ಕೊನೆ ಮನೆಗೆ ಏನು ಬರುತ್ತದೆ ಅಂತ ಎಲ್ಲರಿಗೂ ಗೊತ್ತು.

ನಾನು ಮಾಡಿದ್ದು ಇಷ್ಟು. ಓಪನ್‌ಡಬ್ಲ್ಯೂಆರ್‌ಟಿ ಹಾಕಬಹುದಾದ ರೌಟರ್ ತಂದೆ. ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ ಕೇಕ್ ಆರಿಸಿದೆ. ಅಳೆದಾಗ ಸಿಕ್ಕ ವೇಗದ ಶೇಕಡಾ 90ರಷ್ಟನ್ನು ಮಿತಿಯಾಗಿ ಬರೆದೆ. ಆ 10 ಯಾಕೆ ಬಿಡಬೇಕು? ಪಾಳೆ ಕಂಪನಿಯವರ ಡಬ್ಬದಲ್ಲಿ ನಿಲ್ಲದೆ ನಮ್ಮ ರೌಟರಿನಲ್ಲಿ ನಿಲ್ಲಲಿ ಅಂತ. ಪಾಳೆ ನಮ್ಮ ಕೈಯಲ್ಲಿ ಇದ್ದರಷ್ಟೇ ಹಂಚಲು ಬರುತ್ತದೆ. ನ್ಯಾಟ್ ಒಳಗಿನ ಡಿವೈಸ್ ನೋಡಿ ಪಾಲು ಹಾಕುವ ಆಯ್ಕೆ ಆನ್ ಮಾಡಬೇಕು, ಇಲ್ಲವಾದರೆ ಅದಕ್ಕೆ ಇಡೀ ಮನೆ ಒಂದೇ ಡಿವೈಸಿನಂತೆ ಕಾಣುತ್ತದೆ. ಹಾರ್ಡ್‌ವೇರ್ ಆಫ್‌ಲೋಡ್ ಆಫ್ ಮಾಡಬೇಕು, ಇಲ್ಲವಾದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ಕಣ್ಣು ತಪ್ಪಿಸಿ ಹೋಗುತ್ತವೆ. ಇನ್ನೊಂದು, ಯಾರೂ ಹೇಳದ ಮಾತು: ಕೋಟಾ ಮುಗಿದು 2 ಎಂಬಿಪಿಎಸ್‌ಗೆ ಇಳಿದ ದಿನ ನೀವು ಬರೆದ 36 ಎಂಬ ಅಂಕಿ ದಂಡ. ಅದನ್ನು 1.8 ಮಾಡಬೇಕು. ತಿಂಗಳಿಗೆ ಎರಡು ಸಲ ನಾನು ಈ ಪೂಜೆ ಮಾಡುತ್ತೇನೆ.

ಸುದ್ದಿ ಬೀಗರ ಮನೆಗಳಿಗೆ ಹಬ್ಬಿತು. ನಾನೂ ಸ್ಕ್ರೂಡ್ರೈವರ್ ಹಿಡಕೊಂಡು ಊರೂರು ತಿರುಗಿದೆ. ಎಲ್ಲಾ ಕಡೆ ಗೆದ್ದೆ ಅಂದರೆ ಸುಳ್ಳು.

ಲಕ್ಷ್ಮೇಶ್ವರದಲ್ಲಿ ಅಕ್ಕ, "ತಮ್ಮಾ, ಅದೇನೋ ನಿಂದು ಕ್ಯೂಒಎಸ್ ಅಂತಲ್ಲ, ನಮಗೂ ಹಾಕಿ ಕೊಡೋ" ಅಂದಳು. ಹಳೇ ಮನೆ, ಎರಡು ಫೂಟು ದಪ್ಪದ ಗೋಡೆ. ಒಳಗಿನ ಕೋಣೆಗೆ ವೈಫೈ ಹೋಗುತ್ತಲೇ ಇರಲಿಲ್ಲ. ಅಲ್ಲಿ ಪಾಳೆ ಸುಧಾರಿಸಿ ಏನು ಮಾಡುವುದು? ಒಂದು ಲ್ಯಾನ್ ಕೇಬಲ್ ಎಳೆದು ಒಳಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಇಟ್ಟು ಬಂದೆ. ಶಿರಹಟ್ಟಿಯ ಗೆಳೆಯನ ಮನೆಯಲ್ಲಿ ಅರ್ಧ ಮಂದಿ ಕಂಪನಿ ಕೊಟ್ಟ ಡಬ್ಬದ ವೈಫೈಗೆ, ಇನ್ನರ್ಧ ಹೊಸ ರೌಟರಿಗೆ. ಅರ್ಧ ಗಿರಾಕಿಗಳು ಹಿಂಬಾಗಿಲಿಂದ ಹೋದರೆ ಗಿರಣಿಯವನು ಪಾಳೆ ಹೇಗೆ ನಡೆಸಿಯಾನು? ಆ ಡಬ್ಬದ ವೈಫೈ ಆರಿಸಿದ ಮೇಲೆ ಎಲ್ಲಾ ಸರಿಹೋಯಿತು. ಮುಂಡರಗಿ ಹತ್ತಿರ ಹೊಲದ ಮನೆಯಲ್ಲಿ ಇರುವ ಗೆಳೆಯನದು 4ಜಿ ರೌಟರ್. ಮುಂಜಾನೆ 20, ಸಂಜೆಗೆ 3. ಯಾವ ಅಂಕಿ ಬರೆಯುವುದು? ಸಂಜೆಯ ಅಂಕಿಯನ್ನೇ ಬರೆದೆವು. ಮುಂಜಾನೆ ವೇಗ ಹಾಳಾಗುತ್ತದೆ, ಆದರೆ ಮಗಳ ಸಂಜೆ ಕ್ಲಾಸು ಕಡಿಯುವುದಿಲ್ಲ. ಅವರೇ ಕೂತು ಆರಿಸಿಕೊಂಡದ್ದು.

"ಅವರೇ ಕೂತು" ಎನ್ನುವುದೇ ನಾನು ಹೇಳಬೇಕೆಂದಿರುವ ಮಾತು.

ಕೆಲವರು ಕೇಳುತ್ತಾರೆ, ಹಾಗಾದರೆ ಪ್ರಯಾರಿಟಿ ಎಂದೂ ಬೇಡವೇ ಅಂತ. ಬೇಕಾಗುವ ಹೊತ್ತು ಇದೆ. ವಿಡಿಯೋ ಕರೆಗೆ ಒಂದು ಎಂಬಿಪಿಎಸ್ಸೋ ಎರಡೋ ಬೇಕು. ಕೋಟಾ ಮುಗಿದ ದಿನ 2 ಎಂಬಿಪಿಎಸ್ಸನ್ನು ಏಳು ಮಂದಿಗೆ ಸಮ ಹಂಚಿದರೆ ಯಾರ ಕರೆಯೂ ನಡೆಯುವುದಿಲ್ಲ. ಸಮಪಾಲು ಎಂದರೆ ಎಲ್ಲರಿಗೂ ಸಾಲುವಷ್ಟು ಎಂದಲ್ಲ. ಆಗ ಒಬ್ಬರನ್ನು ಮುಂದೆ ಬಿಡಲೇಬೇಕು. 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 2 ಎಂಬಿಪಿಎಸ್ ಅಂತ ಸರ್ಕಾರ ಹೊಸ ವ್ಯಾಖ್ಯೆ ಕೊಟ್ಟಿತು. ಅದಕ್ಕೂ ಮುಂಚೆ 512 ಕೆಬಿಪಿಎಸ್ ಇದ್ದರೆ ಸಾಕಿತ್ತು! ಕಾಗದದ ಮೇಲೆ ನಾವು ತಿಂಗಳಿಡೀ ಬ್ರಾಡ್‌ಬ್ಯಾಂಡ್ ಮನೆಯವರೇ. ಕೂಡು ಕುಟುಂಬದಲ್ಲಿ ಮಾತ್ರ ಕೊನೆಯ ವಾರ ಪಾಳೆ ಹಚ್ಚಬೇಕು.

ನನ್ನ ತಕರಾರು ಪ್ರಯಾರಿಟಿ ಮೇಲಲ್ಲ. ಯಾರಿಗೂ ಕಾಣದ ಪುಟದಲ್ಲಿ, ಒಬ್ಬನೇ ಕೂತು, ಕಾಯಂ ಆಗಿ ಬರೆದಿಡುವ ಪ್ರಯಾರಿಟಿ ಮೇಲೆ. ರೌಟರ್ ಮಾಡುವ ಕಂಪನಿಗಳೂ ಅದನ್ನೇ ಕಲಿಸುತ್ತವೆ: ಗೇಮ್ ಆಡುವವನ ಡಿವೈಸ್ ಮೇಲಕ್ಕೆ ಎಳೆಯಿರಿ, ಮುಗಿಯಿತು. ಕೆಳಗೆ ಬಿದ್ದವರಿಗೆ ತಾವು ಕೆಳಗೆ ಬಿದ್ದದ್ದೂ ಗೊತ್ತಾಗುವುದಿಲ್ಲ. "ಇವತ್ತು ನೆಟ್ ಸರಿ ಇಲ್ಲ" ಅಂತ ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲಿ ಎಷ್ಟು ದಿನ ಹಾಗೆ ಸುಮ್ಮನಿದ್ದರೋ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಯಾವ ಡಿವೈಸಿಗೂ ಹೈ ಇಲ್ಲ, ಲೋ ಇಲ್ಲ. ಎಲ್ಲರಿಗೂ ಕೇಕ್. ಪರೀಕ್ಷೆ, ಇಂಟರ್‌ವ್ಯೂ, ಡಾಕ್ಟರ್ ಜೊತೆ ಮಾತು ಇದ್ದರೆ ಅಡಿಗೆಮನೆಯ ಕ್ಯಾಲೆಂಡರ್ ಮೇಲೆ ತಾಸು ಬರೆಯಬೇಕು. ಆ ಹೊತ್ತಿಗೆ ಉಳಿದವರು ಡೌನ್‌ಲೋಡ್ ನಿಲ್ಲಿಸಬೇಕು, ನಾನೂ ಸೇರಿ. ರೌಟರ್ ಪಾಸ್‌ವರ್ಡ್ ಈಗ ನನ್ನ ಹೆಂಡತಿಗೂ ಅಣ್ಣನ ಮಗಳಿಗೂ ಗೊತ್ತಿದೆ. 36 ಮತ್ತು 1.8ರ ಕತೆಯನ್ನೂ ಕಲಿಸಿದ್ದೇನೆ.

ಹೋದ ವಾರ ಕ್ಯಾಲೆಂಡರ್ ಮೇಲೆ ಅವ್ವ ಬರೆಸಿದ್ದಳು: "ಭಾನುವಾರ 4 ಗಂಟೆ, ಲಕ್ಷ್ಮೇಶ್ವರ." ಅಕ್ಕನ ಜೊತೆ ವಿಡಿಯೋದಲ್ಲಿ ಮಾತಾಡಲು. ಮೊದಲು ನನಗೆ ನಗು ಬಂತು, ಇದೆಂಥಾ ಪರೀಕ್ಷೆ ಅಂತ. ಆಮೇಲೆ ಆಫೀಸಿನ ಅಪ್‌ಲೋಡನ್ನು ಐದು ಗಂಟೆಗೆ ಹಾಕಿಕೊಂಡೆ.

ನಿಮ್ಮ ಮನೆಯ ರೌಟರಿನಲ್ಲಿ ಯಾದಿ ಇದ್ದರೆ ಇವತ್ತು ಒಮ್ಮೆ ತೆಗೆದು ನೋಡಿ. ಅದನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಲು ನಿಮಗೆ ಧೈರ್ಯ ಇದೆಯೇ? ಇದ್ದರೆ ಇರಲಿ ಬಿಡಿ. ಇಲ್ಲದಿದ್ದರೆ ಏನು ಮಾಡಬೇಕು ಅಂತ ನಾನು ಬೇರೆ ಹೇಳಬೇಕಾ?