ಉಳಿದ ಕೆಲಸ ಯಾರದು?

ಹೊಸದಾಗಿ ಡಿಜಿಟಲ್ ಕ್ಯಾಮರಾ ಕೊಂಡವರ ಬಾಯಲ್ಲಿ ಇತ್ತೀಚೆಗೆ ಒಂದೇ ದೂರು ಕೇಳಬರುತ್ತಿದೆ. ಅರ್ಧ ಲಕ್ಷಕ್ಕೂ ಮಿಕ್ಕಿದ ಹಣವನ್ನು ತೆತ್ತು ಯಂತ್ರವನ್ನು ತಂದದ್ದಾಯಿತು. ಹಬ್ಬದ ರಾತ್ರಿ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದದ್ದೂ ಆಯಿತು. ನೋಡಿದರೆ ಮುಖಗಳು ಮಬ್ಬು, ನೆರಳಿದ್ದೆಡೆಯಲ್ಲಿ ಮರಳು ಚೆಲ್ಲಿದಂತಹ ಚುಕ್ಕೆಗಳು, ಎಲ್ಲೆಲ್ಲಿಯೂ ಅರಿಸಿನದ ಬಣ್ಣ. ಅದೇ ನಡುಮನೆಯಲ್ಲಿ ಹುಡುಗನೊಬ್ಬನು ಫೋನಿನಿಂದ ತೆಗೆದ ಚಿತ್ರವಾದರೋ ಥಳಥಳಿಸುತ್ತಿರುವುದು. ಇದಕ್ಕೆ ಕಾರಣವೇನೆಂದು ಕೇಳಿದರೆ ಎರಡು ತೀರ್ಪುಗಳು ಸಿದ್ಧವಾಗಿವೆ. ಯಂತ್ರವೇ ಕೆಟ್ಟದ್ದೆಂದು ಕೊಂಡವರು ಹೇಳುವರು. ಯಂತ್ರದಲ್ಲೇನೂ ದೋಷವಿಲ್ಲ, ಹಿಡಿದ ಕೈಯೇ ಕೆಟ್ಟದ್ದೆಂದು ಬಲ್ಲವರು ಹೇಳುವರು. ಮೊದಲನೆಯದು ಅವಸರದ ಮಾತು. ಎರಡನೆಯದು ಅಹಂಕಾರದ ಮಾತು. ಎರಡರಲ್ಲಿಯೂ ನ್ಯಾಯವಿಲ್ಲ.

ಈ ವಿವಾದದ ಬೇರು ನೂರಮೂವತ್ತು ವರ್ಷಗಳಿಗೂ ಹಿಂದಿನದು. ೧೮೮೮ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಎಂಬಾತನು ಕೊಡಕ್ ಎಂಬ ಪೆಟ್ಟಿಗೆ ಕ್ಯಾಮರಾವನ್ನು ಮಾರಾಟಕ್ಕೆ ತಂದನು. ಅದರ ಬೆಲೆ ೨೫ ಡಾಲರು. ಒಳಗೆ ೧೦೦ ಚಿತ್ರಗಳಿಗಾಗುವಷ್ಟು ಸುರುಳಿ. ಕೊಂಡವನು ಗುಂಡಿಯನ್ನೊತ್ತಿದರೆ ಸಾಕು, ಉಳಿದ ಕೆಲಸವೆಲ್ಲ ಕಂಪನಿಯದು ಎಂಬುದೇ ಆ ವ್ಯಾಪಾರದ ಘೋಷಣೆ. ಅದು ಸುಳ್ಳೇನೂ ಆಗಿರಲಿಲ್ಲ. ಚಿತ್ರಗಳೆಲ್ಲ ಮುಗಿದ ಮೇಲೆ ಪೆಟ್ಟಿಗೆಯನ್ನೇ ರಾಚೆಸ್ಟರ್ ಪಟ್ಟಣದ ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. ಅಲ್ಲಿಯ ಕೆಲಸಗಾರರು ಸುರುಳಿಯನ್ನು ತೊಳೆದು, ಚಿತ್ರಗಳನ್ನು ಮುದ್ರಿಸಿ, ಹೊಸ ಸುರುಳಿಯನ್ನು ತುಂಬಿ ಹಿಂದಿರುಗಿಸುತ್ತಿದ್ದರು. ಉಳಿದ ಕೆಲಸವು ಮಾಯವಾಗಿರಲಿಲ್ಲ. ಕೊಂಡವನ ಕಣ್ಣಿಗೆ ಬೀಳದ ಕಡೆ ನಡೆಯುತ್ತಿತ್ತು, ಅಷ್ಟೆ.

ಕನ್ನಡ ನಾಡಿನ ಊರುಗಳಲ್ಲಿಯೂ ಫಿಲ್ಮಿನ ಕಾಲದಲ್ಲಿ ನಡೆದುದು ಹೀಗೆಯೇ. ಪೇಟೆಬೀದಿಯ ಸ್ಟುಡಿಯೋದವನು ಕತ್ತಲೆಕೋಣೆಯಲ್ಲಿ ಕುಳಿತು, ಬೆಳಕು ಹೆಚ್ಚಾಗಿ ಬಿದ್ದ ನೆಗೆಟಿವನ್ನು ತಡೆದು, ಕಡಮೆಯಾಗಿ ಬಿದ್ದುದನ್ನು ಎತ್ತಿ, ಕಾಗದದ ಮೇಲೆ ಸರಿದೂಗಿಸುತ್ತಿದ್ದನು. ಕ್ಯಾಮರಾ ಹಿಡಿದವನ ಎಷ್ಟೋ ತಪ್ಪುಗಳು ಆ ಕೋಣೆಯೊಳಗೇ ಅಡಗಿಹೋಗುತ್ತಿದ್ದವು. ಇಂದು ಅದೇ ಕೆಲಸವನ್ನು ಫೋನಿನೊಳಗಿನ ಗಣಕವು ಮಾಡುತ್ತಿದೆ. ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಅನೇಕ ಚಿತ್ರಗಳನ್ನು ಹಿಡಿದು, ಒಂದರ ಮೇಲೊಂದನ್ನು ಹೊಂದಿಸಿ ಬೆರೆಸಿ, ನೆರಳನ್ನು ಬೆಳಗಿಸಿ, ಚುಕ್ಕೆಗಳನ್ನು ಒರೆಸಿ, ಅಂಚುಗಳನ್ನು ಹರಿತಗೊಳಿಸಿ, ಕಣ್ಣು ಮುಚ್ಚಿ ತೆರೆಯುವುದರೊಳಗಾಗಿ ಮುಂದಿಡುವುದು. ರಾಚೆಸ್ಟರಿನ ಕಾರ್ಖಾನೆಯೇ ಅಂಗೈಯೊಳಕ್ಕೆ ಬಂದಿದೆ.

ಹೊಸ ಕ್ಯಾಮರಾವು ಇಷ್ಟೆಲ್ಲವನ್ನು ತಾನಾಗಿ ಮಾಡದು. ಅದರ ಹಿರಿಮೆ ಬೇರೆ ಕಡೆಯಲ್ಲಿದೆ. ಎಪಿಎಸ್-ಸಿ ಎಂಬ ಸಾಮಾನ್ಯ ಅಳತೆಯ ಯಂತ್ರದಲ್ಲಿ ಬೆಳಕನ್ನು ಹಿಡಿಯುವ ಫಲಕದ ವಿಸ್ತಾರವು ಸುಮಾರು ೩೭೦ ಚದರ ಮಿಲಿಮೀಟರು. ಬಹುಪಾಲು ಫೋನುಗಳಲ್ಲಿ ಅದು ೧೦೦ನ್ನೂ ಮುಟ್ಟುವುದಿಲ್ಲ. ಮನೆಮನೆಗಳಲ್ಲಿ ಹಂಚಿಕೊಳ್ಳುವ ಜೆಪೆಗ್ ಚಿತ್ರವು ಪ್ರತಿಯೊಂದು ಮೂಲವರ್ಣದಲ್ಲಿ ೨೫೬ ಮೆಟ್ಟಲುಗಳನ್ನು ಮಾತ್ರ ಬಲ್ಲದು. ಕ್ಯಾಮರಾದ ಕಚ್ಚಾ ಕಡತವು ೧೪ ಬಿಟ್ಟಿನದಾದರೆ ೧೬,೩೮೪ ಮೆಟ್ಟಲುಗಳನ್ನು ಬಲ್ಲದು. ಹೀಗೆ ಯಂತ್ರವು ಕೊಡುವುದು ಸಮೃದ್ಧವಾದ ಸಾಮಗ್ರಿಯನ್ನು. ಅಕ್ಕಿ ಬೇಳೆಗಳನ್ನು ತಂದು ಎಲೆಯ ಮೇಲಿಟ್ಟು, ಊಟ ರುಚಿಸಲಿಲ್ಲವೆಂದು ದೂರುವುದು ಯಾವ ನ್ಯಾಯ?

ಹಬ್ಬದ ರಾತ್ರಿಯ ಚಿತ್ರವು ಕೆಟ್ಟುದೇಕೆಂಬುದಕ್ಕೂ ಲೆಕ್ಕವಿದೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಚ್ಚಿದ ನಡುಮನೆಯ ಬೆಳಕು ಸುಮಾರು ನೂರು ಲಕ್ಸ್, ಎಂದರೆ ಸಾವಿರದಲ್ಲೊಂದು ಪಾಲು. ಮನುಷ್ಯನ ಕಣ್ಣು ತನಗೆ ತಾನೇ ಹೊಂದಿಕೊಳ್ಳುವುದರಿಂದ ಈ ಅಂತರವು ಅವನಿಗೆ ತಿಳಿಯದು, ಯಂತ್ರಕ್ಕೆ ತಿಳಿಯುವುದು. ಕ್ಯಾಮರಾದೊಡನೆ ಸಾಮಾನ್ಯವಾಗಿ ದೊರೆಯುವ ೧೮ರಿಂದ ೫೫ ಮಿಲಿಮೀಟರಿನ ಮಸೂರವು, ದೂರದ್ದನ್ನು ಹತ್ತಿರಕ್ಕೆ ಸೆಳೆದಾಗ, ತನ್ನ ಬೆಳಕಿಂಡಿಯನ್ನು ಎಫ್ ೫.೬ಕ್ಕಿಂತ ಹೆಚ್ಚು ತೆರೆಯಲಾರದು. ಆ ಕಿಂಡಿಯಿಂದ, ಐಎಸ್‌ಒ ೧೦೦ರಲ್ಲಿ, ನಡುಮನೆಯ ಚಿತ್ರಕ್ಕೆ ಒಂದು ಸೆಕೆಂಡು ಬೇಕಾಗುವುದು. ೧೬೦೦ಕ್ಕೆ ಏರಿಸಿದರೂ ಸೆಕೆಂಡಿನ ಹದಿನಾರನೆಯ ಒಂದು ಪಾಲು ಬೇಕು. ಅಷ್ಟು ಹೊತ್ತು ಯಾವ ಮಗು ಕದಲದೆ ನಿಂತೀತು? ಮಬ್ಬಿಗೆ ಕಾರಣ ಇದು. ಐಎಸ್‌ಒ ಅಂಕವನ್ನು ಇನ್ನೂ ಏರಿಸಿದರೆ, ಅಲ್ಪ ಬೆಳಕಿನೊಡನೆ ಅದರ ಏರಿಳಿತಗಳೂ ಹಿಗ್ಗಿ ತೋರುವುವು. ಚುಕ್ಕೆಗಳಿಗೆ ಕಾರಣ ಅದು. ಎಫ್ ೧.೮ರಷ್ಟು ತೆರೆಯಬಲ್ಲ ಮಸೂರವೊಂದಿದ್ದರೆ ಸುಮಾರು ಹತ್ತು ಪಾಲು ಬೆಳಕು ಒಳಬರುವುದು. ಬಣ್ಣದ ಸಮತೆಯನ್ನು ದೀಪಕ್ಕೆ ತಕ್ಕಂತೆ ತಿದ್ದಿಟ್ಟರೆ ಹಳದಿಯು ಹೋಗುವುದು. ಹಗಲಿನಲ್ಲಿ ಕಿಟಕಿಯ ಬಳಿ ಕೂರಿಸಿದರೆ ಏನೂ ಖರ್ಚಿಲ್ಲದೆ ಕೆಲಸವಾಗುವುದು. ಇಷ್ಟನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ಹಾಗಾದರೆ ಇಷ್ಟನ್ನು ಯಾರೂ ಹೇಳಲಿಲ್ಲವೇಕೆ? ಮಾರುವವರು ಹೇಳಲಿಲ್ಲ, ಅವರ ಜಾಹೀರಾತು ಮೆಗಾಪಿಕ್ಸೆಲ್ಲುಗಳನ್ನು ಎಣಿಸುವುದರಲ್ಲಿಯೇ ಮುಗಿಯಿತು. ಹನ್ನೆರಡು ಇಪ್ಪತ್ತನಾಲ್ಕಾದರೆ ಚಿತ್ರವು ಇಮ್ಮಡಿ ಚೆನ್ನಾಗುವುದೆಂದು ಕೊಳ್ಳುವವನು ನಂಬಲಿ ಎಂಬುದೇ ಅವರ ಇಷ್ಟ. ಆದರೆ ಉದ್ದಗಲಗಳ ಮೇಲೆ ಹಂಚಿ ನೋಡಿದರೆ ಸೂಕ್ಷ್ಮತೆಯು ಒಂದಕ್ಕೆ ಒಂದೂವರೆಯಷ್ಟೂ ಹೆಚ್ಚದು. ೧೯೨೦ಕ್ಕೆ ೧೦೮೦ ಚುಕ್ಕೆಗಳ ಟೆಲಿವಿಷನ್ ಪರದೆಯು ತೋರಬಲ್ಲುದು ಎರಡೇ ಮೆಗಾಪಿಕ್ಸೆಲ್ಲುಗಳನ್ನು. ಗುಂಡಿಯನ್ನೊತ್ತಿದರೆ ಸಾಕೆಂಬ ಹಳೆಯ ಘೋಷಣೆಯನ್ನು ಇವರು ಉಳಿಸಿಕೊಂಡರು. ಉಳಿದ ಕೆಲಸವನ್ನು ಸದ್ದಿಲ್ಲದೆ ಕೊಂಡವನ ಹೆಗಲಿಗೆ ಜಾರಿಸಿದರು. ಈಸ್ಟ್‌ಮನ್ನನ ವ್ಯಾಪಾರದಲ್ಲಿದ್ದ ಪ್ರಾಮಾಣಿಕತೆ ಇದರಲ್ಲಿಲ್ಲ.

ಇನ್ನು ಬಲ್ಲವರ ಅಪರಾಧವೂ ಸಣ್ಣದಲ್ಲ. ಚಿತ್ರ ತೆಗೆಯುವುದು ಕಣ್ಣೇ ಹೊರತು ಯಂತ್ರವಲ್ಲವೆಂಬುದು ಅವರ ಮಂತ್ರ. ಮಾತು ನಿಜ, ಆದರೆ ಕಲಿಯಬಂದವನ ಎದುರಿಗೆ ಅದನ್ನು ಬಾಗಿಲಿನ ಅಗುಳಿಯಂತೆ ಬಳಸುವುದು ವಿದ್ಯೆಗೆ ಒಪ್ಪತಕ್ಕುದಲ್ಲ. ಸಂಗೀತ ಕಲಿಯಬಂದ ಹುಡುಗಿಗೆ ಶ್ರುತಿ ಹಿಡಿಯುವುದನ್ನು ತೋರಿಸದೆ, ನಾದವೆಂಬುದು ಹೃದಯದಲ್ಲಿರುವುದೆಂದು ಹೇಳಿ ಕಳುಹಿಸಿದರೆ ಅಂಥವರನ್ನು ಗುರುಗಳೆಂದು ಯಾರು ಕರೆದಾರು?

ಫೋನೇ ಎಲ್ಲವನ್ನೂ ಮಾಡಿಕೊಡುವಾಗ ಇಷ್ಟು ಕಷ್ಟವೇಕೆ ಎಂಬ ಆಕ್ಷೇಪವು ಉಳಿಯುವುದು. ಅವಸರಕ್ಕೆ ಫೋನು ಸಾಕೆಂಬುದನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಫೋನಿನೊಳಗಿನ ಕೆಲಸಗಾರನಿಗೆ ತನ್ನದೇ ಆದ ಒಂದು ರುಚಿಯಿದೆ. ಆ ರುಚಿಯನ್ನು ಎಲ್ಲೋ ಕುಳಿತವರು ಗೊತ್ತುಮಾಡಿರುವರು. ಮುಸ್ಸಂಜೆಯನ್ನು ಅದು ಹಗಲಾಗಿಸುವುದು; ಎಣ್ಣೆದೀಪದ ಹೊಂಬೆಳಕನ್ನು ಬಿಳಿದಾಗಿಸುವುದು; ಅನೇಕ ಫೋನುಗಳಲ್ಲಿ ಅಜ್ಜಿಯ ಮುಖದ ಸುಕ್ಕುಗಳೂ ನಯವಾಗಿ ಅಳಿಸಿಹೋಗುವುವು. ಐವತ್ತು ವರ್ಷಗಳ ಮೇಲೆ ಆ ಮನೆಯ ಮಕ್ಕಳು ಚಿತ್ರವನ್ನು ನೋಡುವಾಗ ಅವರಿಗೆ ಕಾಣಬೇಕಾದುದು ತಮ್ಮ ಮುತ್ತಜ್ಜಿಯ ಮುಖವೋ, ಯಾವನೋ ಗಣಕಜ್ಞನ ಸೌಂದರ್ಯಕಲ್ಪನೆಯೋ? ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರು ಸಾಮಾನ್ಯ ಜನರ ಬಾಳನ್ನು ಕುರಿತು ತೆಗೆದ ಕಪ್ಪುಬಿಳುಪಿನ ಚಿತ್ರಗಳು ಇಂದಿಗೂ ಬೆಲೆಯುಳ್ಳವಾಗಿರುವುದು ಥಳಕಿನಿಂದಲ್ಲ. ಯಾವುದನ್ನು ಬೆಳಕಿಗೆ ತರಬೇಕು, ಯಾವುದನ್ನು ನೆರಳಿನಲ್ಲಿಡಬೇಕೆಂಬುದನ್ನು ಅಲ್ಲಿ ಒಬ್ಬ ಮನುಷ್ಯನು ನಿರ್ಧರಿಸಿರುವುದರಿಂದ.

ಆದುದರಿಂದ ಕ್ಯಾಮರಾ ಮಾರುವವರು ಮೆಗಾಪಿಕ್ಸೆಲ್ಲಿನ ಲೆಕ್ಕವನ್ನು ಸ್ವಲ್ಪ ನಿಲ್ಲಿಸಿ, ಉಳಿದ ಕೆಲಸವು ಕೊಂಡವರದೆಂಬುದನ್ನು ಬಾಯಿಬಿಟ್ಟು ಹೇಳಲಿ. ಬಲ್ಲವರು ತಿಂಗಳಿಗೊಂದು ಭಾನುವಾರ ಊರಿನ ವಾಚನಾಲಯದಲ್ಲೋ ಶಾಲೆಯ ಜಗಲಿಯಲ್ಲೋ ನಾಲ್ಕು ಜನರನ್ನು ಕೂರಿಸಿಕೊಂಡು ಕಲಿಸಲಿ. ಕೊಂಡವರು ಯಂತ್ರವನ್ನು ಬೀರುವಿನೊಳಗಿಟ್ಟು ಬೀಗ ಹಾಕುವ ಮೊದಲು, ಮೂರು ತಿಂಗಳ ಕಾಲ, ಒಂದೇ ಮಸೂರದಿಂದ, ಒಂದೇ ಕಿಟಕಿಯ ಬೆಳಕಿನಲ್ಲಿ, ಮನೆಯ ಹಿರಿಯರೊಬ್ಬರ ಮುಖವನ್ನು ತೆಗೆದು ನೋಡಲಿ. ಆಮೇಲೆಯೂ ಚಿತ್ರ ಚೆನ್ನಾಗಿ ಬಾರದಿದ್ದರೆ ಅಂಗಡಿಗೆ ಹೋಗಿ ದೂರು ಕೊಡಲು ಅವರಿಗೆ ಪೂರ್ಣ ಅಧಿಕಾರವಿದೆ.