ಕೀಲಿನ ವಿವರ ರೋಗಿಯ ಕೈಯಲ್ಲಿರಲಿ
ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದಾಗಿ ಸೊಂಟದ ಕೀಲು ಬದಲಾವಣೆ ರೋಣ, ನರಗುಂದ, ಗಜೇಂದ್ರಗಡದ ಬಡ ಕುಟುಂಬಗಳಿಗೂ ಎಟಕುವಂತಾಗಿದೆ. ಇದು ಸ್ವಾಗತಾರ್ಹ. ಆದರೆ ಕೃತಕ ಕೀಲಿನ ಬಾಳಿಕೆ ಅದು ಎಲುಬನ್ನು ಹಿಡಿದುಕೊಳ್ಳುವ ಬಗೆಯನ್ನೂ ಅವಲಂಬಿಸಿದೆ. ಎಲುಬಿನಲ್ಲಿ ಕೂರಿಸಲು ಸಿಮೆಂಟ್ ಬಳಸದ ಕೀಲುಗಳಿಗೆ ಟೈಟಾನಿಯಂನ ಒರಟು ಲೇಪವನ್ನೋ ಎಲುಬಿನ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟನ್ನೋ ಬಳಿದಿರುತ್ತಾರೆ. ಎಲುಬು ಬೆಳೆದು ಆ ಮೇಲ್ಮೈಗೆ ಬೆಸೆದುಕೊಳ್ಳಬೇಕು. ಆರಂಭದ ವಾರಗಳಲ್ಲಿ ಕೀಲು ಮಿಲಿಮೀಟರಿನ ಒಂದೆರಡು ದಶಾಂಶದಷ್ಟು ಅಲುಗಾಡಿದರೂ ಎಲುಬಿನ ಬದಲು ನಾರಿನ ಪೊರೆ ಕಟ್ಟಬಹುದು. 2000ದ ಡಿಸೆಂಬರ್‌ನಲ್ಲಿ ಸುಲ್ಜರ್ ಕಂಪನಿ ಅಮೆರಿಕದಲ್ಲಿ ಸಾವಿರಾರು ಸೊಂಟದ ಬಟ್ಟಲುಗಳನ್ನು ಹಿಂಪಡೆದದ್ದು ಇಂಥದೇ ಕಾರಣಕ್ಕೆ: ತಯಾರಿಕೆಯ ಎಣ್ಣೆಯಂಶ ಮೇಲ್ಮೈಯಲ್ಲಿ ಉಳಿದು ಎಲುಬು ಬೆಸೆಯಲಿಲ್ಲ.

ದುಬಾರಿ ಲೇಪವೇ ಎಲ್ಲರಿಗೂ ಮೇಲೆಂದಲ್ಲ. ಎಲುಬು ಸವೆದ ವೃದ್ಧರಿಗೆ ಎಷ್ಟೋ ಸಲ ಸಿಮೆಂಟೇ ವಾಸಿ. ಆ ಆಯ್ಕೆ ವೈದ್ಯರದು. ಆದರೆ ಕೂರಿಸಿದ್ದು ಯಾವ ಕೀಲು ಎಂಬುದು ರೋಗಿಗೆ ತಿಳಿದಿರಲೇಬೇಕು. 2010ರಲ್ಲಿ ಡೆಪ್ಯೂ ಕಂಪನಿ, ಲೋಹದ ಸವೆತದ ದೂರಿನ ನಡುವೆ, ಎಎಸ್‌ಆರ್ ಎಂಬ ಸೊಂಟದ ಕೀಲುಗಳನ್ನು ಹಿಂಪಡೆದ ಮೇಲೆ ಭಾರತದ ಸಾವಿರಾರು ರೋಗಿಗಳ ಪತ್ತೆಯೇ ಸಿಗಲಿಲ್ಲ. ಕೀಲಿನ ಪೊಟ್ಟಣದಲ್ಲೇ ಮಾದರಿ, ಬ್ಯಾಚ್ ಸಂಖ್ಯೆ ಮುದ್ರಿತ ಅಂಟುಚೀಟಿ ಇರುತ್ತದೆ. ಅದನ್ನು ಬಿಡುಗಡೆ ಪತ್ರಕ್ಕೆ ಅಂಟಿಸಿ, ಲೇಪದ ವಿವರವನ್ನು ಕನ್ನಡದಲ್ಲಿ ಬರೆದುಕೊಡದ ಆಸ್ಪತ್ರೆಗೆ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಹಣ ಬಿಡುಗಡೆ ಮಾಡಬಾರದು.