ಹರಾಜು ಆಡುವ ಮಗ, ಬೆಲೆ ಹೇಳುವ ಆಡ್-ಆನ್

ಕಂಪ್ಯೂಟರ್ ಮುಂದೆ ಕೂತ ಮಗ 'ತಾಳಮ್ಮಾ, ಹರಾಜು ನಡೀತಿದೆ' ಅಂದರೆ ನಿಮ್ಮ ಎದೆ ಧಸಕ್ ಅನ್ನುತ್ತೆ ತಾನೇ? ಜೊತೆಗೆ 'ಆಡ್-ಆನ್ ಹಾಕ್ಕೊಂಡಿದೀನಿ, ಅಗ್ಗದ ಮಾಲು ಅದೇ ಹುಡುಕಿ ಕೊಡುತ್ತೆ' ಅಂದುಬಿಟ್ಟರಂತೂ ಮುಗೀತು. ಜೂಜು, ಮೋಸ, ವೈರಸ್... ಮೂರೂ ಒಟ್ಟಿಗೇ ಕಣ್ಣಮುಂದೆ ಬಂದು ನಿಲ್ಲುತ್ತವೆ. 'ಅದನ್ನ ತೆಗೆಸಿಬಿಡ್ಲಾ?' ಅಂತ ಕೇಳುವ ಗೆಳತಿಯರಿಗೆ ನಾನು ಹೇಳೋದು ಒಂದೇ: ಆಡ್-ಆನ್ ತೆಗೆಸಬೇಡಿ. ನೀವು ಕಣ್ಣಿಡಬೇಕಾದ ಜಾಗ ಬೇರೆ ಇದೆ.

ಮೊದಲು ಈ ಹರಾಜು ಏನು ಅಂತ ನೋಡೋಣ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಅನ್ನುವ ಆಟವನ್ನೇ ತಗೊಳ್ಳಿ. ಅಮೆರಿಕದ ಬ್ಲಿಝರ್ಡ್ ಕಂಪನಿ 2004ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ್ದು. ಪ್ರಪಂಚದ ಬೇರೆ ಬೇರೆ ಕಡೆಯ ಜನ ಒಟ್ಟಿಗೇ ಆಡುತ್ತಾರೆ, ಆಡಲು ತಿಂಗಳ ಚಂದಾ ಕಟ್ಟಬೇಕು. ಆಟದೊಳಗೆ ಕಾಡು ಮೇಡು ಅಲೆದು ಗಿಡಮೂಲಿಕೆ ಕೀಳಬಹುದು, ಅದಿರು ಅಗೆಯಬಹುದು, ಔಷಧಿ ಕಾಯಿಸಬಹುದು. ಬೇಡದ್ದನ್ನು 'ಆಕ್ಷನ್ ಹೌಸ್'ನಲ್ಲಿ ಮಾರಬಹುದು. 100 ತಾಮ್ರಕ್ಕೆ ಒಂದು ಬೆಳ್ಳಿ, 100 ಬೆಳ್ಳಿಗೆ ಒಂದು ಚಿನ್ನ. ಇದೇ ಅಲ್ಲಿಯ ದುಡ್ಡು. ಮಾರಿದ ಬೆಲೆಯಲ್ಲಿ ನೂರಕ್ಕೆ 5 ಕಮಿಷನ್ ಬೇರೆ ಮುರಿದುಕೊಳ್ಳುತ್ತಾರೆ, ನಮ್ಮ ಮಂಡಿಯ ದಲ್ಲಾಳಿಗಳ ಹಾಗೆ! ಹೆಸರಿಗೆ ಹರಾಜಾದರೂ ಕೂಗಾಟ ಕಮ್ಮಿ. 'ಇಷ್ಟು ಕೊಟ್ಟರೆ ಈಗಲೇ ತಗೊಂಡ್ಹೋಗು' ಎಂದು ಬರೆದಿಟ್ಟ ಬೆಲೆಗೇ ಬಹುಪಾಲು ವ್ಯಾಪಾರ.

ಇನ್ನು ಆಡ್-ಆನ್. ಆಕ್ಷನಿಯರ್, ಆಕ್ಷನೇಟರ್, ಟ್ರೇಡ್‌ಸ್ಕಿಲ್‌ಮಾಸ್ಟರ್ ಅಂತೆಲ್ಲ ಹೆಸರಿನ ಈ ಪುಟ್ಟ ಪ್ರೋಗ್ರಾಂಗಳನ್ನು ಬರೆದದ್ದು ಕಂಪನಿಯಲ್ಲ, ಆಡುವವರೇ. ಇವು ಕದ್ದುಮುಚ್ಚಿ ಹಾಕಿಕೊಳ್ಳುವಂಥವಲ್ಲ. ಆಡ್-ಆನ್‌ಗೆ ದುಡ್ಡು ಕೇಳಬಾರದು, ಅದರ ಕೋಡನ್ನು ಯಾರು ಬೇಕಾದರೂ ಓದುವ ಹಾಗಿರಬೇಕು ಎಂದು ಕಂಪನಿಯೇ 2009ರಲ್ಲಿ ನಿಯಮ ಮಾಡಿದೆ. ಆಡ್-ಆನ್ ಮಾಡುವ ಕೆಲಸವಾದರೂ ಏನು? ಹರಾಜಿಗಿಟ್ಟ ಸಾಮಾನಿನ ಪಟ್ಟಿಯನ್ನೆಲ್ಲ ಓದುತ್ತದೆ, ಬೆಲೆ ನೆನಪಿಟ್ಟುಕೊಳ್ಳುತ್ತದೆ, ಮೊನ್ನೆ ಎಷ್ಟಿತ್ತು ಇವತ್ತು ಎಷ್ಟಿದೆ ಎಂದು ಪಕ್ಕದಲ್ಲೇ ತೋರಿಸುತ್ತದೆ. ಬೇಕಾದ ಸಾಮಾನಿನ ಚೀಟಿ ಬರೆದಿಟ್ಟರೆ ಅಷ್ಟನ್ನೇ ಹುಡುಕುತ್ತದೆ. ತಿಂಗಳ ದಿನಸಿಗೆ ಹೊರಟಾಗ ನಾವು ಚೀಟಿ ಹಿಡಿದು ಹೋಗೋದಿಲ್ವೇ?

ಇದು ಎಷ್ಟು ಬೇಕಿತ್ತು ಅನ್ನೋದಕ್ಕೆ ಅಲ್ಲಿಯ ಒಂದು ಹಳೇ ಕಳ್ಳಾಟ ಕೇಳಿ. 2020ರ ತನಕ ಸಾಮಾನನ್ನು ಗುಡ್ಡೆ ಲೆಕ್ಕದಲ್ಲಿ ಇಡುತ್ತಿದ್ದರು. ಇಪ್ಪತ್ತಿಪ್ಪತ್ತು ಸೊಪ್ಪಿನ ಗುಡ್ಡೆಗಳ ಸಾಲಿನ ಮಧ್ಯೆ ಯಾರೋ ಜಾಣ ಒಂದೇ ಒಂದು ಸೊಪ್ಪನ್ನು ಇಡೀ ಗುಡ್ಡೆಯ ಬೆಲೆಗೆ ಇಟ್ಟಿರುತ್ತಿದ್ದ. ಅವಸರದಲ್ಲಿ ಪಟಪಟ ಒತ್ತಿಕೊಂಡು ಹೋದ ಹುಡುಗ 20 ಪಟ್ಟು ತೆತ್ತು ಪೆಚ್ಚಾಗುತ್ತಿದ್ದ. ಆಡ್-ಆನ್ 'ಒಂದಕ್ಕೆ ಇಷ್ಟು ಬೀಳುತ್ತೆ' ಅಂತ ಭಾಗಿಸಿ ತೋರಿಸಿದರೆ ಈ ಮೋಸ ಥಟ್ಟನೆ ಗೊತ್ತಾಗುತ್ತದೆ. ಆಮೇಲೆ ಕಂಪನಿಯೇ ಹರಾಜುಕಟ್ಟೆಯನ್ನು ಹೊಸದಾಗಿ ಕಟ್ಟಿ, ಇಂಥ ಸಾಮಾನಿಗೆ ಬಿಡಿ ಬೆಲೆ ತೋರಿಸುವ ಹಾಗೆ ಮಾಡಿತು. ಹಾಗಾದರೆ ಮೋಸ ಯಾವುದು ಹೇಳಿ, ಸೊಪ್ಪಿಟ್ಟವನದ್ದೋ, ಲೆಕ್ಕ ಹಾಕಿದವನದ್ದೋ?

ಒಂದು ಗೆರೆ ಮಾತ್ರ ಇದೆ. ಆಡ್-ಆನ್ ತಾನಾಗಿ ಕೊಳ್ಳುವಂತಿಲ್ಲ. ಅದು ಹುಡುಕಿ ಮುಂದಿಡಬಹುದು, ಕೊಳ್ಳುವ ಬಟನ್ ಒತ್ತಬೇಕಾದ್ದು ಮನುಷ್ಯನ ಕೈ. ಮಗ ಊಟಕ್ಕೆ ಎದ್ದು ಬಂದಾಗಲೂ ಅವನ ಪರವಾಗಿ ಆಡುತ್ತಾ ಕೊಳ್ಳುತ್ತಾ ಇರುವ ಪ್ರೋಗ್ರಾಂ ಇದೆಯೆಂದರೆ ಅದು 'ಬಾಟ್'. ಅದಕ್ಕೆ ಕಂಪನಿಯ ನಿಷೇಧವಿದೆ, ಸಿಕ್ಕಿಬಿದ್ದರೆ ಖಾತೆಯೇ ಹೋಗುತ್ತದೆ. ಊಟದ ತಟ್ಟೆ ಮುಂದೆ ಕೂತಾಗ ಒಮ್ಮೆ ಸ್ಕ್ರೀನ್ ಕಡೆ ಕಣ್ಣು ಹಾಯಿಸಿ, ಗೊತ್ತಾಗುತ್ತೆ.

ಆಡ್-ಆನ್ ಹೇಳಿದ್ದೆಲ್ಲ ವೇದವಾಕ್ಯ ಅಂತಲೂ ಅಲ್ಲ ಮತ್ತೆ. ಅದು ನೋಡುವುದು ಮಾರುವವರು ಕೇಳಿದ ಬೆಲೆಯನ್ನು. ಆ ಬೆಲೆಗೆ ಕೊಂಡವರು ಇದ್ದಾರೋ ಇಲ್ಲವೋ, ಅದು ಬೇರೆ ಮಾತು! ಅಗ್ಗದ್ದನ್ನೆಲ್ಲ ಒಬ್ಬನೇ ಬಾಚಿಕೊಂಡು ಬೆಲೆ ಏರಿಸಿ ಮತ್ತೆ ಇಟ್ಟರೆ 'ಮಾರ್ಕೆಟ್ ರೇಟು' ಎಂದು ಅದನ್ನೇ ತೋರಿಸೀತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ ಹೂವಿನ ರೇಟನ್ನು ವರ್ಷವಿಡೀ ರೇಟು ಅಂದುಕೊಂಡರೆ ಹೇಗೋ ಹಾಗೆ. ಅಲ್ಲೂ ಹಬ್ಬಗಳಿವೆ. ಅಮೆರಿಕದ ಸರ್ವರ್‌ಗಳಲ್ಲಿ ಮಂಗಳವಾರ ಆಟದ ವಾರ ಹೊಸದಾಗಿ ಶುರು. ಗುಂಪು ಕಟ್ಟಿ ಕಾಳಗಕ್ಕೆ ಹೋಗುವವರು ಆಗ ಔಷಧಿಗೆ ಮುಗಿಬೀಳುತ್ತಾರೆ. ಇದನ್ನು ತಾನಾಗಿ ಗಮನಿಸಿ ಒಂದೆರಡು ದಿನ ಕಾಯುವ ಹುಡುಗನಿಗೆ ನಾವು ಅರ್ಥಶಾಸ್ತ್ರ ಹೇಳಿಕೊಡಬೇಕಾಗಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಎಲ್ಲವನ್ನೂ ಕೊಂಡೇ ಮುಗಿಸುವ ಚಾಳಿಯ ಬಗ್ಗೆ. ಇದೇ ಕಂಪನಿ 2012ರಲ್ಲಿ 'ಡಯಾಬ್ಲೋ 3' ಎಂಬ ಇನ್ನೊಂದು ಆಟದಲ್ಲಿ ನಿಜವಾದ ದುಡ್ಡಿನ ಹರಾಜುಕಟ್ಟೆಯನ್ನೇ ತೆರೆದಿತ್ತು. ರಾಕ್ಷಸರನ್ನು ಹೊಡೆದು ಗಳಿಸಬೇಕಾದ ಕತ್ತಿ ಗುರಾಣಿ ಅಂಗಡಿಯಲ್ಲೇ ಸಿಗುವುದಾದರೆ ಹೊಡೆದಾಡೋದು ಯಾಕೆ? ಆಟದ ರುಚಿಯೇ ಕೆಡುತ್ತಿದೆ ಎಂದು ಕಂಪನಿಯೇ ಒಪ್ಪಿಕೊಂಡು 2014ರ ಮಾರ್ಚ್ 18ರಂದು ಅದನ್ನು ಮುಚ್ಚಿತು. ಬರುವ ದುಡ್ಡು ಯಾರಿಗೆ ಬೇಡ, ಆದರೂ ಮುಚ್ಚಿದರು ನೋಡಿ!

ಮನೆ ದುಡ್ಡಿಗೆ ಕೈ ಬೀಳುವ ಬಾಗಿಲು ಯಾವುದು? ವಾರ್‌ಕ್ರಾಫ್ಟ್‌ನಲ್ಲಿ 2015ರಿಂದ 'ಟೋಕನ್' ಅಂತ ಇದೆ. ಅಮೆರಿಕದಲ್ಲಿ ಒಂದಕ್ಕೆ 20 ಡಾಲರ್. ದುಡ್ಡು ಕೊಟ್ಟು ಕೊಂಡು, ಹರಾಜಿನಲ್ಲಿ ಮಾರಿ ಆಟದ ಚಿನ್ನ ಪಡೆಯಬಹುದು. ಚಿನ್ನ ಕೊಟ್ಟು ಅದನ್ನು ಕೊಂಡವನು 30 ದಿನದ ಚಂದಾಕ್ಕೆ ಬಳಸಬಹುದು. ಇದು ಕಂಪನಿಯೇ ಮಾಡಿದ ವ್ಯವಸ್ಥೆ. ಇದಲ್ಲದೆ ಹೊರಗಿನವರು 'ಚಿನ್ನ ಅಗ್ಗ' ಎಂದು ಮಾರುತ್ತಾರಲ್ಲ, ಅದು ನಿಷಿದ್ಧ. ಅಂಥ ಚಿನ್ನ ಎಷ್ಟೋ ಸಲ ಇನ್ನೊಬ್ಬರ ಖಾತೆ ಒಡೆದು ಕದ್ದದ್ದು. ಮಗ ಆಡ್-ಆನ್ ಬಳಸಿ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಿದ್ದರೆ ಸಂತೋಷಪಡಿ, ಅವನ ಹತ್ತಿರ ಚಿನ್ನ ಕಮ್ಮಿ ಇದೆ ಅಂತ ಅರ್ಥ! ಚೌಕಾಸಿಯನ್ನೇ ಬಿಟ್ಟು ಸಿಕ್ಕಿದ್ದೆಲ್ಲ ಕೊಳ್ಳಲು ಶುರು ಮಾಡಿದರೆ ಕಾರ್ಡಿನ ಬಿಲ್ ತೆಗೆದು ನೋಡಿ. ಹಾಂ, ಜೂಜಿನ ಭಯಕ್ಕೂ ಉತ್ತರ: 2025ರ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಇಲ್ಲಿ ಗಳಿಸಿದ ಚಿನ್ನವನ್ನು ನಗದಿಗೆ ಮಾರಲು ಕಂಪನಿಯ ನಿಯಮ ಬಿಡುವುದಿಲ್ಲ.

ವೈರಸ್ ಭಯ ಮಾತ್ರ ಪೂರ್ತಿ ಸುಳ್ಳಲ್ಲ. ಆಡ್-ಆನ್ ಹಾಕಿಕೊಡುವ 'ಕರ್ಸ್' ಎಂಬ ಸಾಫ್ಟ್‌ವೇರ್‌ನ ಹೆಸರಲ್ಲೇ 2014ರ ಜನವರಿಯಲ್ಲಿ ಯಾರೋ ನಕಲಿ ಬಿಟ್ಟಿದ್ದರು. ಹುಡುಕಿದಾಗ ಸಿಕ್ಕ ನಕಲಿ ತಾಣದಿಂದ ಇಳಿಸಿಕೊಂಡವರ ಪಾಸ್‌ವರ್ಡ್ ಕಳುವಾಯಿತು. ಆದ್ದರಿಂದ ಎಲ್ಲಿಂದ ಇಳಿಸಿಕೊಂಡೆ ಅಂತ ಕೇಳಿ. ಹುಡುಕಿ ಮೊದಲು ಬಂದ ಲಿಂಕಿನಿಂದ ಅಂದರೆ ಅಲ್ಲೇ ತಡೆಯಿರಿ. ಫೋನಿಗೆ ಒಪ್ಪಿಗೆ ಕೇಳಿ ಬರುವ ಅಥೆಂಟಿಕೇಟರ್ ಹಾಕಿಸಿ. ನಿಮ್ಮ ಕಾರ್ಡ್ ನಂಬರ್ ಅವನ ಖಾತೆಯಲ್ಲಿ ಸೇವ್ ಆಗಿದ್ದರೆ ಇವತ್ತೇ ತೆಗೆಸಿ.

ಇಷ್ಟಾದ ಮೇಲೆ ಒಂದು ಭಾನುವಾರ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು, 'ಆಡ್-ಆನ್ ಆಫ್ ಮಾಡೋ, ಈ ಸೊಪ್ಪು ಎಷ್ಟಾಗುತ್ತೆ ಬಾಯಲ್ಲೇ ಹೇಳು ನೋಡೋಣ' ಅನ್ನಿ. ಹೇಳಿದರೆ ಮುಂದಿನ ವಾರ ತರಕಾರಿ ತರೋಕೆ ಅವನನ್ನೇ ಕಳಿಸಿ.